ಮಿಲಿಟರಿ ಲಾರಿಗೆ ಹಾಕಿದ ಬೀಗ

ಭದ್ರವಾಗಿ ಮಾಡಿಕೊಡಿ ಎಂದು ಕೇಳಿಕೊಂಡು ಬಂದವರ ಕೈಯಲ್ಲೇ ಭದ್ರತೆ ಕೆಡುವುದು ನನ್ನ ಶೆಡ್ಡಿನಲ್ಲಿ ಆಗಾಗ ನಡೆಯುತ್ತಲೇ ಇರುತ್ತದೆ. ನಾನು ಮೈಸೂರಿನ ದಟ್ಟಗಳ್ಳಿಯಲ್ಲಿ ಗ್ರಿಲ್ಲು, ಗೇಟು ಮಾಡುವವನು. ಕಬ್ಬಿಣ ನನ್ನ ಮಾತು ಕೇಳುತ್ತದೆ, ಗಿರಾಕಿಗಳು ಕೇಳುವುದಿಲ್ಲ. ಎಲ್ಲರದ್ದೂ ಹೇಳಲು ಕೂತರೆ ಇವತ್ತಿನ ಗೇಟು ಇವತ್ತಿಗೆ ಮುಗಿಯುವುದಿಲ್ಲ. ಸುಬೇದಾರ್ರ ಲಾರಿಯದ್ದು ಮಾತ್ರ ಹೇಳುತ್ತೇನೆ.

ಶಿಸ್ತಿನ ಕಳ್ಳ

ಸುಬೇದಾರ್ರು ಸೈನ್ಯದಲ್ಲಿ ಲಾರಿ ಓಡಿಸಿ ನಿವೃತ್ತರಾದವರು. ಅಂಥದ್ದೇ ಹಳೇ ಮಿಲಿಟರಿ ಲಾರಿಯೊಂದನ್ನು ಹರಾಜಿನಲ್ಲಿ ಹಿಡಿದು ತಂದು ಮನೆ ಪಕ್ಕದ ಖಾಲಿ ಸೈಟಿನಲ್ಲಿ ನಿಲ್ಲಿಸಿಕೊಂಡಿದ್ದರು. ಅವರ ಹೆಂಡತಿಗೆ ಇದು ಕಣ್ಣಿಗೆ ಬಿದ್ದ ಕಸ. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಲಾರಿ ಕಂಡು, ಇದ್ಯಾವುದೋ ಟ್ರಾನ್ಸ್‌ಪೋರ್ಟ್ ಆಫೀಸು ಎಂದುಕೊಂಡು ಮುಂದಿನ ಬೀದಿಗೆ ಹೋಗಿ ಹುಡುಕಿದ್ದರಂತೆ. ಆ ದಿನವೇ ಹೆಂಡತಿ ತೀರ್ಪು ಕೊಟ್ಟಿದ್ದರು.

"ಈ ಲಾರಿಯಿಂದ ಬೀದೀಲಿ ಒಬ್ರಿಗಾದ್ರೂ ಉಪಯೋಗ ಆಗಿದ್ದನ್ನ ತೋರಿಸಿ. ಬೇಸಿಗೆ ಕಳೆಯೋದ್ರೊಳಗೆ ತೋರಿಸ್ದಿದ್ರೆ ಗುಜರಿಗೆ."

ಸುಬೇದಾರ್ರಿಗೆ ಒಂದೇ ಒಂದು ಆಸೆ ಉಳಿದಿತ್ತು. ಬೇಸಿಗೆಯಲ್ಲಿ ಹಳೇ ವಾಹನಗಳ ಪ್ರದರ್ಶನವಿತ್ತು. ಅಲ್ಲೊಂದು ಬಹುಮಾನ ಬಂದರೆ ಲಾರಿ ಉಳಿಯಬಹುದು. ಆದರೆ ಬಹುಮಾನಕ್ಕೆ ಲಾರಿಯ ಜೊತೆ ಅದರ ಸಲಕರಣೆಗಳೂ ಪೂರ್ತಿ ಇರಬೇಕು, ಇವರ ಸೀಟಿನ ಕೆಳಗಿನ ಸಾಮಾನು ಒಂದೊಂದಾಗಿ ಮಾಯವಾಗುತ್ತಿತ್ತು. ಹಾಗಾಗಿ ನನ್ನ ಹತ್ತಿರ ಬಂದರು. ಸ್ಪ್ಯಾನರು, ಜಾಕುಗಳಿಗೆ ಒಂದು ಬೀಗದ ಪೆಟ್ಟಿಗೆ, ಡೀಸೆಲ್ ಕ್ಯಾನುಗಳಿಗೆ ಒಂದು ಬೀಗದ ಚೌಕಟ್ಟು ಆಗಬೇಕಿತ್ತು.

ಪೆಟ್ಟಿಗೆಯನ್ನು ವೆಲ್ಡ್ ಮಾಡುತ್ತೇನೆ ಎಂದೆ. ದೇಶ ಕಾದ ಗಾಡಿಯ ಮೈ ಸುಡಬೇಡಿ ಎಂದರು. ಸರಿ, ಹೊರಗಿನಿಂದ ನಟ್ಟು ಬೋಲ್ಟು ಹಾಕಿ ಕೂರಿಸಿದೆ. ದೊಡ್ಡ ಸ್ಪ್ಯಾನರೊಂದು ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ, ಅದನ್ನು ಬಾನೆಟ್ಟಿನ ಮೇಲಿಟ್ಟರು. ಕಳ್ಳ ಆ ಸ್ಪ್ಯಾನರಿನಿಂದಲೇ ಪೆಟ್ಟಿಗೆ ಬಿಚ್ಚಿಕೊಂಡು ಹೋದ. ನಟ್ಟುಗಳನ್ನು ಮಾತ್ರ ಸಾಲಾಗಿ ಜೋಡಿಸಿಟ್ಟು ಹೋಗಿದ್ದ.

"ನೋಡಿ, ಎಷ್ಟು ಶಿಸ್ತು. ಮಿಲಿಟರಿಯವನೇ ಇರಬೇಕು," ಎಂದು ಸುಬೇದಾರ್ರು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು.

ಬೀಗದ ಕೈ

ಸುಬೇದಾರ್ರು ಗುಜರಿ ಅಂಗಡಿಗಳನ್ನೆಲ್ಲ ಹುಡುಕಿ ಸ್ಪ್ಯಾನರುಗಳನ್ನು ಮತ್ತೆ ಕೂಡಿಸಿಕೊಂಡರು. ಎರಡನೇ ಪೆಟ್ಟಿಗೆಯನ್ನು ನನ್ನ ಮರ್ಯಾದೆ ಎಂದುಕೊಂಡು ಮಾಡಿದೆ. ದಪ್ಪ ತಗಡು, ನಟ್ಟುಗಳೆಲ್ಲ ಒಳಗಡೆ, ಬೀಗ ಒಂದು ಮುಚ್ಚಳದ ಮರೆಯಲ್ಲಿ. ಅದನ್ನು ಕೀ ಇಲ್ಲದೆ ತೆಗೆಯಿರಿ ನೋಡೋಣ ಎಂದು ಸುಬೇದಾರ್ರು ನನಗೇ ಸವಾಲು ಹಾಕಿದರು. ಹಾರೆ, ಸುತ್ತಿಗೆ ಎಲ್ಲ ತಂದು ಮಧ್ಯಾಹ್ನದವರೆಗೆ ಗುದ್ದಿದೆ. ನನ್ನ ಕೈ ಊದಿಕೊಂಡಿತು, ಪೆಟ್ಟಿಗೆಗೆ ಗೀರೂ ಬೀಳಲಿಲ್ಲ. ಜೀವನದಲ್ಲಿ ಸೋತು ಅಷ್ಟು ಸಂತೋಷಪಟ್ಟಿದ್ದು ಅದೊಂದೇ ಸಲ.

ಮುಂದಿನ ವಾರ ಅವರು ನೆಂಟರ ಮದುವೆಗೆಂದು ನಂಜನಗೂಡಿಗೆ ಹೊರಟರು. ಪೆಟ್ಟಿಗೆಯ ಕೀ ಜೋಪಾನ ಎಂದೆ. ಒಂದು ಕೀ ತಮ್ಮ ಹತ್ತಿರ ಇದೆ, ಇನ್ನೊಂದನ್ನು ಮನೆ ಕೀಗಳ ಜೊತೆ ಎದುರು ಮನೆಯಮ್ಮನ ಹತ್ತಿರ ಕೊಟ್ಟಿದ್ದೇನೆ ಎಂದರು. ಯಾರಾದರೂ ಬಂದು ಕೇಳಿದರೆ ಏನು ಗತಿ ಎಂದು ಕೇಳಿದೆ.

"ಕೇಳಿದೋರಿಗೆ ಕೊಡಿ ಅಂತ ಹೇಳಿದ್ದೀನಿ ಕಣ್ರೀ. ಪಾಪ, ಏನೋ ಅವಸರ ಇರುತ್ತೆ."

ಚೌಕಟ್ಟಿನೊಳಗಿನ ಕ್ಯಾನು

ಆಮೇಲೆ ಲಾರಿಯ ಪಕ್ಕಕ್ಕೆ ಡೀಸೆಲ್ ಕ್ಯಾನುಗಳ ಚೌಕಟ್ಟು ಕೂರಿಸಿದೆ. ಅಡ್ಡಪಟ್ಟಿ, ಅದಕ್ಕೊಂದು ಬೀಗ. ಹೊಚ್ಚ ಹೊಸ ಕ್ಯಾನುಗಳು, ಇನ್ನೂ ಡೀಸೆಲ್ ಕಂಡಿರಲಿಲ್ಲ. ಅಷ್ಟರಲ್ಲಿ ರಾಮನವಮಿ ಬಂತು. ಬೀದಿಯವರಿಗೆಲ್ಲ ಪಾನಕ, ಮಜ್ಜಿಗೆ ಹಂಚಬೇಕಿತ್ತು, ದೊಡ್ಡ ಪಾತ್ರೆಗಳನ್ನೆಲ್ಲ ಬೇರೆ ಯಾರೋ ಒಯ್ದಿದ್ದರು. ಎದುರು ಮನೆಯಮ್ಮನ ಕಣ್ಣು ಲಾರಿಯ ಮೇಲೆ ಬಿತ್ತು. ಚೌಕಟ್ಟಿನ ಕೀಯೂ ಅವರ ಹತ್ತಿರವೇ ಇತ್ತು. ಒಂದು ಕ್ಯಾನಿಗೆ ಪಾನಕ, ಒಂದಕ್ಕೆ ಮಜ್ಜಿಗೆ ಹಾಕಿದರು. ನಾನೂ ಕುಡಿದೆ, ಚೆನ್ನಾಗಿತ್ತು.

ಮಾರನೇ ದಿನ ಸುಬೇದಾರ್ರು ಕ್ಯಾನು ಹಿಡಿದು ಪೆಟ್ರೋಲ್ ಬಂಕಿಗೆ ಹೊರಟರು. ರಾಮನಿಗೆ ನೈವೇದ್ಯ ಮಾಡಿದ ಪಾತ್ರೆಗೆ ಡೀಸೆಲ್ ಸುರಿಯುವಷ್ಟು ಬುದ್ಧಿ ಕೆಟ್ಟಿದೆಯಾ ಎಂದು ಹೆಂಡತಿ ಬಾಗಿಲಲ್ಲೇ ತಡೆದರು. ಸುಬೇದಾರ್ರು ಗಡಿಯಲ್ಲಿ ಹಿಂದೆ ಸರಿದವರಲ್ಲ, ಇಲ್ಲಿ ಸರಿದರು. ಅಂದಿನಿಂದ ದಿನವೂ ಬೀದಿಯ ಮಜ್ಜಿಗೆ ಆ ಕ್ಯಾನಿನಲ್ಲೇ. ಮಜ್ಜಿಗೆಗೆ ಕಬ್ಬಿಣದ ಚೌಕಟ್ಟು ಕಟ್ಟಿ ಬೀಗ ಜಡಿದ ಗ್ರಿಲ್ಲಿನವನು ಮೈಸೂರಿನಲ್ಲಿ ಬಹುಶಃ ನಾನೊಬ್ಬನೇ.

ಪ್ರದರ್ಶನ

ಪ್ರದರ್ಶನದ ಹಿಂದಿನ ಸಂಜೆ ಸುಬೇದಾರ್ರು ಸ್ಪ್ಯಾನರುಗಳನ್ನೆಲ್ಲ ಉಜ್ಜಿ ಹೊಳೆಸಿ, ಪೆಟ್ಟಿಗೆಯಲ್ಲಿ ಸಾಲಾಗಿಟ್ಟು ಬೀಗ ಹಾಕಿದ್ದರು. ಬೆಳಿಗ್ಗೆ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಬಹುಮಾನ ಬಾರದಿದ್ದರೆ ನಾಳೆ ಗುಜರಿಯವನು ಬರುತ್ತಾನೆ ಎಂದು ದಾರಿಯಲ್ಲಿ ಹೇಳಿದರು.

ತೀರ್ಪುಗಾರರು ನಿವೃತ್ತ ಕರ್ನಲ್. ಎಂಜಿನ್ ನೋಡಿ ತಲೆಯಾಡಿಸಿದರು, ಟೈರು ನೋಡಿ ತಲೆಯಾಡಿಸಿದರು. ನನ್ನ ಪೆಟ್ಟಿಗೆಯನ್ನು ಬೆರಳಿನಿಂದ ಬಡಿದು, ಭೇಷ್ ಎಂದರು. ನಾನು ಎದೆ ಉಬ್ಬಿಸಿ ನಿಂತೆ. ತೆರೆಯಿರಿ ಎಂದರು.

ಸುಬೇದಾರ್ರು ಸೆಲ್ಯೂಟ್ ಹೊಡೆದು ತೆರೆದರು. ಒಳಗೆ ದಿಂಬಿನ ಚೀಲದಲ್ಲಿ ರೇಷ್ಮೆ ಸೀರೆಗಳು, ಪೇಪರಿನಲ್ಲಿ ಸುತ್ತಿದ ಬೆಳ್ಳಿ ದೀಪಗಳು, ಯಾರದ್ದೋ ಮಿಕ್ಸಿ, ಒಂದು ಡಬ್ಬ ಹಪ್ಪಳ. ಸ್ಪ್ಯಾನರು ಒಂದೂ ಇಲ್ಲ. ಕರ್ನಲ್ ಮಿಕ್ಸಿಯನ್ನು ಎತ್ತಿ ನೋಡಿದರು.

"ಇದು ಯಾವ ರೆಜಿಮೆಂಟಿನ ಸಾಮಾನು?"

ಸುಬೇದಾರ್ರು ಅಟೆನ್ಷನ್‌ನಲ್ಲೇ ಇದ್ದರು. "ಎದುರು ಮನೇದು, ಸರ್."

ಎದುರು ಮನೆಯಮ್ಮನಿಗೆ ಫೋನ್ ಮಾಡಿದರು. ಆಕೆ ಧರ್ಮಸ್ಥಳದ ಬಸ್ಸಿನಲ್ಲಿದ್ದರು. ಮೊನ್ನೆ ಹಿಂದಿನ ಬೀದಿಯಲ್ಲಿ ಕಳ್ಳತನವಾಗಿದ್ದರಿಂದ ಬೆಳಿಗ್ಗೆ ಬೇಗ ಎದ್ದು ಬೆಲೆಬಾಳುವುದನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು, ರಂಗೋಲಿ ಹಾಕುತ್ತಿದ್ದವರನ್ನೂ ಕರೆದು, ನಿಮ್ಮದೇನಾದರೂ ಇದೆಯಾ ಎಂದು ಕೇಳಿದ್ದರಂತೆ. ಸ್ಪ್ಯಾನರಿನ ಬಗ್ಗೆ ಯೋಚನೆ ಬೇಡ, ಸೀರೆ ತೆಗೆದ ಜಾಗ ಖಾಲಿಯಿತ್ತು, ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ ಎಂದರು. ಕರ್ನಲ್ ಮಜ್ಜಿಗೆಯ ಕ್ಯಾನನ್ನೂ ತೆರೆಸಿ ನೋಡಿದರು. ಬಿಸಿಲಿತ್ತು, ಎರಡು ಲೋಟ ಕುಡಿದರು. ಬಹುಮಾನ ಒಂದು ಸ್ಕೂಟರಿಗೆ ಹೋಯಿತು.

ಬೀದಿಗೆ ವಾಪಸ್ ಬಂದಾಗ ಗೇಟುಗಳ ಮುಂದೆಲ್ಲ ಹೆಂಗಸರು ನಿಂತಿದ್ದರು. ಸ್ವಾಗತಕ್ಕೆ ಎಂದುಕೊಂಡೆ. ಅಲ್ಲ, ಮಿಕ್ಸಿ ಕೇಳಲು. ಸುಬೇದಾರ್ರ ಹೆಂಡತಿ ಮೊದಲು ತಮ್ಮ ಹಪ್ಪಳದ ಡಬ್ಬ ತೆಗೆದು ನೋಡಿದರು. ಒಂದೂ ಮುರಿದಿರಲಿಲ್ಲ. ಪ್ರದರ್ಶನವಿದೆ ಎಂದು ಗೊತ್ತಿದ್ದೂ ನೀನೂ ಸಾಮಾನು ಇಟ್ಟೆಯಲ್ಲ ಎಂದು ಸುಬೇದಾರ್ರು ನೊಂದು ಕೇಳಿದರು.

"ಲಾರಿ ತಗೊಂಡ್ ಹೋಗ್ತೀರ ಅಂತ ಗೊತ್ತಿತ್ತು. ಪೆಟ್ಟಿಗೇನೂ ತಗೊಂಡ್ ಹೋಗ್ಬುಡ್ತೀರ ಅಂತ ಯಾರಿಗ್ ಗೊತ್ತಿತ್ತು?"

ಸುಬೇದಾರ್ರು ಟೋಪಿ ತೆಗೆದರು. ಬಹುಮಾನ ಬರಲಿಲ್ಲ, ಗುಜರಿಯವನಿಗೆ ಹೇಳಿಬಿಡು ಎಂದರು. ಹೆಂಡತಿ ಡಬ್ಬವನ್ನು ಮತ್ತೆ ಪೆಟ್ಟಿಗೆಯೊಳಗಿಟ್ಟು ಮುಚ್ಚಿದರು.

"ಗುಜರಿಗೆ ಕೊಟ್ಬುಟ್ರೆ ಬೀದಿಯವರೆಲ್ಲ ಎಲ್ಲಿಡ್ಬೇಕು? ಸುಮ್ನೆ ಒಳಗ್ ಬನ್ನಿ, ಊಟ ಆರುತ್ತೆ."

ಲಾರಿ ಅಲ್ಲೇ ಇದೆ. ಈಗ ಅದನ್ನು ಹೊರಗೆ ತೆಗೆಯಬೇಕಾದರೆ ಸುಬೇದಾರ್ರು ಬೀದಿಗೆಲ್ಲ ಹಿಂದಿನ ದಿನವೇ ಹೇಳಬೇಕು. ಹೋದ ವಾರ ಅವರು ಮತ್ತೆ ನನ್ನ ಶೆಡ್ಡಿಗೆ ಬಂದಿದ್ದರು. ಎದುರು ಮನೆಯಮ್ಮ ಬೀರು ತೆರವು ಮಾಡಲು ಹೇಳಿದ್ದಾರೆ, ಸ್ಪ್ಯಾನರುಗಳಿಗೆ ಇನ್ನೊಂದು ಭದ್ರವಾದ ಪೆಟ್ಟಿಗೆ ಬೇಕು ಎಂದರು. ಲಾರಿಯಲ್ಲಿ ಎಲ್ಲಿ ಕೂರಿಸಲಿ ಎಂದು ಕೇಳಿದೆ. ಲಾರಿಯಲ್ಲಿ ಜಾಗವೆಲ್ಲಿದೆ, ಅಡುಗೆಮನೆಯ ಅಟ್ಟಕ್ಕೆ ಎಂದರು. ಅಳತೆ ಬರೆದುಕೊಂಡೆ. ಗೇಟಿನವರೆಗೆ ಹೋದವರು ತಿರುಗಿ ಬಂದರು.

"ಕೀ ಎರಡು ಮಾಡಿಸಿ. ಎದುರು ಮನೆಗೊಂದು ಕೊಡ್ಬೇಕು."