ಮುಂಬಯಿಯಲ್ಲಿ ಮಾವನ ಸ್ನಾನ

ಮಾವ ಪಂಚೆ ಬಿಚ್ಚಿ ಟವೆಲು ಸುತ್ತಿಕೊಂಡು, ಮುಂಬಯಿ ಏರ್‌ಪೋರ್ಟಿನ ಕಕ್ಕಸಿನಲ್ಲಿ ಕೈ ತೊಳೆಯುವ ನಲ್ಲಿಯ ಕೆಳಗೆ ತಲೆ ಒಡ್ಡಿ ನಿಂತಿದ್ದರು. ಆ ನಲ್ಲಿಗೆ ತಿರುಪು ಇಲ್ಲ. ಕೈ ಕಂಡರೆ ನೀರು ಬಿಡುತ್ತದೆ, ತಲೆ ಕಂಡರೆ ಬಿಡುವುದಿಲ್ಲ. ನಾನು ಪಕ್ಕದಲ್ಲಿ ನಿಂತು ಕೈ ಆಡಿಸುತ್ತಿದ್ದೆ. ಒಂದು ಬೊಗಸೆ ಸುರಿದು ನಿಂತುಹೋಗುತ್ತಿತ್ತು. ಕೋಟು ಹಾಕಿದವರೆಲ್ಲ ಬಾಗಿಲಲ್ಲೇ ನೋಡಿ ಹಿಂದಕ್ಕೆ ತಿರುಗುತ್ತಿದ್ದರು. ನೆಲ ಒರೆಸುವವನೊಬ್ಬ ಓಡಿ ಬಂದು ಹಿಂದಿಯಲ್ಲಿ ಕೂಗಾಡಿದ. ನಮಗಿಬ್ಬರಿಗೂ ಹಿಂದಿ ಬರದು. ಆದರೆ ಬೈಗುಳಕ್ಕೆ ಭಾಷೆ ಯಾಕೆ?

"ನಡೀಲಾ ಕುಮಾರ," ಅಂದರು ಮಾವ ಪಂಚೆ ಎತ್ತಿಕೊಳ್ಳುತ್ತ. "ಪಕ್ಕದಲ್ಲೇ ಉಚ್ಚ ಉಯ್ತಾವ್ರ. ಇಲ್ಲಿ ಮಿಂದು ಲಿಂಗ ಮುಟ್ಟೋದ? ಬ್ಯಾಡ."

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ವಿಷಯ ಇಷ್ಟು: ಶಿವಮಲ್ಲಪ್ಪ ನನ್ನ ತಾಯಿಯ ಅಣ್ಣ. ತಮಿಳು ಸೀಮೆಗೆ ಸೇರಿದ ತಾಳವಾಡಿ ಬೆಟ್ಟದಲ್ಲಿ, ಜೀರಹಳ್ಳಿ ಕಡೆ, ಅವರದು ನಾಲ್ಕೆಕರೆ ಹೊಲ. ಅದಕ್ಕೆ ಹನಿ ನೀರಾವರಿ ಪೈಪು ಹಾಕಿಸಿದ್ದರು. ಪೈಪು ಮಾರಿದವರು ಖುಷಿಗೆ ಕೆಲವು ರೈತರನ್ನು ವಿಮಾನದಲ್ಲಿ ದಿಲ್ಲಿಯ ಕೃಷಿ ಮೇಳಕ್ಕೆ ಕರೆದುಕೊಂಡು ಹೊರಟರು. ಚೀಲ ಹೊರಲು ಮಾವ ನನ್ನನ್ನೂ ಸೇರಿಸಿದರು. ಬೆಳಗ್ಗೆ ಕೊಯಮತ್ತೂರಿನಿಂದ ಮುಂಬಯಿ, ಸಂಜೆ ಮುಂಬಯಿಯಿಂದ ದಿಲ್ಲಿ. ನಡುವೆ ಒಂದು ಇಡೀ ಹಗಲು ಖಾಲಿ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಅದರಿಂದೇನು ಅನ್ನಬೇಡಿ. ಮಾವನ ಕೊರಳಲ್ಲಿ ಬೆಳ್ಳಿ ಕರಡಿಗೆ, ಅದರೊಳಗೆ ಲಿಂಗ. ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಬಳಿದು, ಅಂಗೈ ಮೇಲೆ ಲಿಂಗ ಇಟ್ಟು ಪೂಜೆ ಮಾಡದೆ ಅವರು ತೊಟ್ಟು ನೀರೂ ಮುಟ್ಟುವವರಲ್ಲ. ಜ್ವರ ಬಂದಾಗಲೂ ಬಿಟ್ಟಿಲ್ಲ. ಮಗಳ ಮದುವೆಯಲ್ಲಿ ಬೀಗರು ಎಲೆ ಮುಂದೆ ಕೂತು ಕಾಯುತ್ತಿದ್ದರೆ ಇವರು ಬಾವಿ ಹತ್ತಿರ ನಿಧಾನವಾಗಿ ಬೆನ್ನು ಉಜ್ಜಿಕೊಳ್ಳುತ್ತಿದ್ದರು. ನಾನೂ ಅದೇ ಮತದವನು, ಆದರೆ ನನ್ನ ಪೂಜೆ ವರ್ಷಕ್ಕೊಂದು ಸಲ, ಶಿವರಾತ್ರಿಗೆ. ಕಷ್ಟ ಏನೆಂದರೆ, ಹಿರಿಯರು ಉಪವಾಸ ಕೂತಾಗ ಕಿರಿಯವನು ಉಣ್ಣುವಂತಿಲ್ಲ. ಉಂಡೆ ಅಂತ ತಿಳಿದರೆ ನಮ್ಮವ್ವ ಪೊರಕೆ ಹಿಡಿಯುತ್ತಾಳೆ. ಹಿಂದಿನ ಸಂಜೆ ಮನೆಯಲ್ಲಿ ಮುದ್ದೆ ನುಂಗಿ ಬಸ್ಸು ಹತ್ತಿದವರು ನಾವು. ವಿಮಾನದಲ್ಲಿ ತಿಂಡಿ ಕೊಡುವ ಹುಡುಗಿ ಬಿಸಿ ಉಪ್ಪಿಟ್ಟು ತಂದು ಮುಂದಿಟ್ಟಳು. ಮಾವ ಬೇಡ ಅಂದರು. ನಾನೂ ಬೇಡ ಅಂದೆ. ಅಂಥ ಸುಳ್ಳನ್ನು ನಾನು ಜನ್ಮದಲ್ಲೇ ಹೇಳಿರಲಿಲ್ಲ.

ನಮ್ಮನ್ನು ಕರೆದುಕೊಂಡು ಬಂದವನು ಸೆಲ್ವಂ ಅಂತ, ಪೈಪಿನ ಏಜೆಂಟು. ಅವನು ಒಂದು ವ್ಯಾನು ಮಾಡಿ ಉಳಿದವರನ್ನೆಲ್ಲ ಸಮುದ್ರ ತೋರಿಸಲು ಹೊರಡಿಸಿದ್ದ. "ಐಯಾ, ಸಮುದ್ರದಲ್ಲೇ ಮಿಂದುಬಿಡಿ" ಅಂತ ತಮಿಳಿನಲ್ಲಿ ಮಾವನಿಗೆ ಉಪಾಯ ಹೇಳಿದ.

"ಉಪ್ಪುನೀರ್ನ ಲಿಂಗದ ಮ್ಯಾಲ ಉಯ್ಯಕಾಯ್ತದಾ?" ಅಂದರು ಮಾವ. "ಶಿವ ಏನು ಉಪ್ಪಿನಕಾಯಾ?"

ವ್ಯಾನು ಹೋಯಿತು. ನಾವಿಬ್ಬರೂ ನಡೆದುಕೊಂಡು ರಸ್ತೆಗೆ ಬಂದೆವು. ಒಂದು ಲಾಡ್ಜಿನವನು ನಮ್ಮ ಪಂಚೆ, ಚೀಲ ನೋಡಿ ಕೈ ಅಲ್ಲಾಡಿಸಿದ. ಇನ್ನೊಬ್ಬ ಬಾಗಿಲನ್ನೇ ತೆಗೆಯಲಿಲ್ಲ. ಬಿಸಿಲು ನೆತ್ತಿಗೆ ಬಂತು. ಮಾವ ಒಂದು ಗೋಡೆ ಪಕ್ಕ ಕುಸಿದು ಕೂತರು.

"ಒಂದ್ ಗುಟುಕು ನೀರಾದ್ರೂ ಕುಡೀರಿ ಮಾವ. ಶಿವ ಏನೂ ಅನ್ಕಳಕ್ಕಿಲ್ಲ."

"ಶಿವ ನಿಂಗ ಯೋಳುದ್ನಾ? ನಂಗೇನೂ ಆಗಿಲ್ಲ, ಸುಮ್ನಿರ್ಲಾ."

ಏನೂ ಆಗಿಲ್ಲ ಅನ್ನುವಾಗ ಅವರ ತುಟಿ ಒಣಗಿ ಬೂದಿಯ ಹಾಗಾಗಿತ್ತು. ನನ್ನ ಹಸಿವು ಅಲ್ಲಿಗೇ ಮರೆತುಹೋಯಿತು, ಭಯ ಹತ್ತಿತು. ಇವರು ಇಲ್ಲೇ ಬಿದ್ದುಬಿಟ್ಟರೆ ಅತ್ತೆಗೆ ಏನು ಹೇಳಲಿ? ಅಷ್ಟರಲ್ಲಿ ಸೈಕಲ್ಲಿನಲ್ಲಿ ಒಬ್ಬ ಹಾಲಿನವನು ಹೋದ. ಎರಡೂ ಕಡೆ ತೂಗುಹಾಕಿದ ಕ್ಯಾನುಗಳು ಗಡಗಡ ಅನ್ನುತ್ತಿದ್ದವು. ಗಡಗಡ ಅಂದರೆ ಖಾಲಿ. ಖಾಲಿ ಕ್ಯಾನಿನವನು ಹೋಗುವುದು ಎಮ್ಮೆ ಇರುವಲ್ಲಿಗೆ. ಎಮ್ಮೆ ಇರುವಲ್ಲಿ ನೀರು ಇರಲೇಬೇಕು. ಇದಕ್ಕೆ ಹಿಂದಿ ಬೇಕಾಗಿಲ್ಲ.

ಮಾವನನ್ನು ಆಟೋದೊಳಗೆ ತುಂಬಿ ಸೈಕಲ್ಲಿನ ಕಡೆ ಬೆರಳು ತೋರಿಸಿದೆ. ಆಟೋದವನು ಒಂದೇ ಏಟಿಗೆ ಸೈಕಲ್ಲನ್ನು ಹಿಂದೆ ಹಾಕಿದ. ಬೆನ್ನು ತಟ್ಟಿ ನಿಲ್ಲಿಸಿದೆ. ಸೈಕಲ್ಲು ಮುಂದೆ ಹೋಗಲು ಬಿಟ್ಟೆ, ಮತ್ತೆ ಬೆರಳು ತೋರಿಸಿದೆ. ಹೀಗೆ ನಿಂತು ನಿಂತು ಹೋಗುವಷ್ಟರಲ್ಲಿ ಅವನು ನನ್ನ ವಂಶವನ್ನೆಲ್ಲ ಬೈದಿರಬೇಕು. ಕೊನೆಗೆ ಸೈಕಲ್ಲು ಒಂದು ತಗಡಿನ ಗೇಟಿನೊಳಗೆ ನುಗ್ಗಿತು. ನಾವೂ ನುಗ್ಗಿದೆವು. ಉದ್ದಕ್ಕೂ ಎಮ್ಮೆಗಳು! ಅಷ್ಟು ಎಮ್ಮೆ ತಾಳವಾಡಿ ಬೆಟ್ಟದಲ್ಲೆಲ್ಲ ಹುಡುಕಿದರೂ ಸಿಗಲಿಕ್ಕಿಲ್ಲ. ಒಬ್ಬ ತೋಳು ಗಾತ್ರದ ಪೈಪು ಹಿಡಿದು ಅವುಗಳ ಮೈ ತೊಳೆಯುತ್ತಿದ್ದ. ದೊಡ್ಡ ಮೀಸೆಯ ಯಜಮಾನ ಕೋಲು ಹಿಡಿದೇ ಎದುರಿಗೆ ಬಂದ. ನಾನು ಮೊದಲು ಎಮ್ಮೆ ತೋರಿಸಿದೆ, ಆಮೇಲೆ ಪೈಪು ತೋರಿಸಿದೆ, ಆಮೇಲೆ ಮಾವನನ್ನು ತೋರಿಸಿದೆ. ಅವನು ಮೂರನ್ನೂ ನೋಡಿ ಬಿದ್ದು ಬಿದ್ದು ನಕ್ಕ.

ಮಾವ ಮೂಗರಳಿಸಿ ಉಸಿರು ಎಳೆದರು. ಮುಖಕ್ಕೆ ಕಳೆ ಬಂತು. "ನೋಡ್ಲಾ, ಇದು ಮನ್ಸರು ಇರೋ ಜಾಗ."

"ಕಾಲ್ತುಂಬ ಸಗಣಿ ಅದಲ್ಲ ಮಾವ! ಅಲ್ಲಿ ಕನ್ನಡಿ ಅಂಗೆ ಒಳೀತಿತ್ತು, ಅದ ಬ್ಯಾಡ ಅಂದ್ರಿ."

"ಸಗಣಿ ಕೊಳಕೇನ್ಲಾ? ಮತ್ತೆ ಈಬೂತಿ ಏತರಲ್ಲಿ ಮಾಡ್ತಾರ, ಸಕ್ಕರೇಲಾ?"

ಅದೂ ನಿಜವೇ. ನಮ್ಮ ಪಕ್ಕದ ಗುಮಟಾಪುರದವರು ದೀಪಾವಳಿ ಆದ ಮೇಲೆ ಹಬ್ಬ ಅಂತ ಸಗಣಿ ಗುಡ್ಡೆಯಲ್ಲೇ ಹೊರಳಾಡುತ್ತಾರೆ, ನಾನೇ ಹೋಗಿ ಮುಖಕ್ಕೆ ಎರಚಿಸಿಕೊಂಡು ಬಂದಿದ್ದೇನೆ.

ಎಮ್ಮೆ ತೊಳೆಯುವವನು ಪೈಪನ್ನು ಮಾವನ ಕಡೆ ತಿರುಗಿಸಿದ. ಮಾವ ಎರಡೂ ಕೈ ಮೇಲೆತ್ತಿ "ಶಿವಾ!" ಅಂದರು. ನನಗೂ ಬಿತ್ತು. ಗೋಡೆ ಪಕ್ಕದ ಎಕ್ಕದ ಗಿಡದಿಂದ ನಾನು ಹೂ ಕಿತ್ತು ತಂದೆ. ಮಾವ ಮಡಿ ಪಂಚೆ ಉಟ್ಟು, ಬೂಸದ ಚೀಲದ ಮೇಲೆ ಕೂತು, ಕರಡಿಗೆ ತೆರೆದು ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡರು. ಅಷ್ಟು ಹೊತ್ತೂ ನಗುತ್ತಿದ್ದ ಮೀಸೆ ಯಜಮಾನ ಚಪ್ಪಲಿ ಬಿಟ್ಟ. ತಲೆಗೆ ಸುತ್ತಿದ್ದ ಬಟ್ಟೆ ತೆಗೆದ. ಹೋಗಿ ಮೋಟಾರು ಆಫ್ ಮಾಡಿಸಿದ. ಎಮ್ಮೆ ಮೆಲುಕು ಹಾಕುವ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಅವನೇ ಆಗತಾನೆ ಕರೆದ ನೊರೆಹಾಲು ತಂದು ಲಿಂಗದ ಮುಂದೆ ಇಟ್ಟು ಕೈ ಮುಗಿದ.

ಆಮೇಲೆ ಊಟ. ಸುಟ್ಟ ರೊಟ್ಟಿ, ಆಲೂಗಡ್ಡೆ ಪಲ್ಯ, ಹಸಿ ಈರುಳ್ಳಿ, ಮೇಲೆ ಹಾಲು. ಮಾವ ಉಂಡರು. ನಾನು ಎಷ್ಟು ಉಂಡೆ ಅಂತ ಕೇಳಬೇಡಿ. ರೊಟ್ಟಿ ಸುಡುತ್ತಿದ್ದವನು ಎರಡನೇ ಸಲ ಹಿಟ್ಟು ಕಲಸಿದ.

ಸಂಜೆ ಏರ್‌ಪೋರ್ಟಿಗೆ ಬಂದರೆ ಸೆಲ್ವಂ ತಂಡ ಕುರ್ಚಿಗಳ ಮೇಲೆ ಸತ್ತ ಕೋಳಿಗಳ ಹಾಗೆ ಬಿದ್ದಿತ್ತು. ಹಗಲೆಲ್ಲ ವ್ಯಾನು ಗಾಡಿಗಳ ನಡುವೆ ಸಿಕ್ಕಿಕೊಂಡಿತ್ತಂತೆ. ಇಬ್ಬರಿಗೆ ವಾಂತಿ. ಸಮುದ್ರ ಹತ್ತಿರ ಬಂತು ಅನ್ನುವಾಗ ವಾಪಸು ತಿರುಗಿಸಬೇಕಾಯಿತಂತೆ. "ನಿಮ್ಗ ಊಟ ಆಯ್ತಾ ಐಯಾ?" ಅಂತ ಸೆಲ್ವಂ ಸಣ್ಣ ದನಿಯಲ್ಲಿ, ತನಗೆ ಬರುವ ಕನ್ನಡದಲ್ಲೇ ಕೇಳಿದ. ಮಾವ ತೇಗಿದರು.

ದಿಲ್ಲಿ ವಿಮಾನದಲ್ಲಿ ನಮ್ಮ ಸಾಲಿನ ಕಿಟಕಿ ಪಕ್ಕ ಒಬ್ಬ ಸೂಟಿನವನಿದ್ದ. ನಾವು ಕೂತ ಕೂಡಲೇ ಮೂಗು ಸೊಟ್ಟ ಮಾಡಿದ. ಕರ್ಚೀಫು ಹಿಡಿದ. ಕಡೆಗೆ ಆ ವಿಮಾನದ ಹುಡುಗಿಯನ್ನು ಕರೆದು ಏನೋ ಪಿಸುಗುಟ್ಟಿ ಹಿಂದಿನ ಸೀಟಿಗೆ ಎದ್ದು ಹೋದ. ಎಮ್ಮೆ ಪುಣ್ಯದಿಂದ ಕಿಟಕಿ ನನ್ನದಾಯಿತು. ರಾಜನ ಹಾಗೆ ಕಾಲು ಚಾಚಿ ಕೂತೆ.

ಊರಿಗೆ ಬಂದಾಗಿನಿಂದ ಎಲ್ಲರೂ ಕೇಳುತ್ತಾರೆ, ಮೇಲಿಂದ ಹೇಗೆ ಕಾಣುತ್ತದೆ, ಮೋಡ ಹೇಗಿರುತ್ತದೆ ಅಂತ. ಹೊಟ್ಟೆ ತುಂಬಿದ್ದವನು ವಿಮಾನ ಏಳುವ ಮೊದಲೇ ಮಲಗಿದೆ, ದಿಲ್ಲಿಯಲ್ಲಿ ಮಾವ ಒದ್ದು ಎಬ್ಬಿಸಿದರು. ಇನ್ನು ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.