ಹಲಸಿನ ಮರದಲ್ಲಿ ಜೀಪಿನ ಇಂಜಿನ್

ನನ್ನ ಭಾವ, ಅಂದರೆ ಅಕ್ಕನ ಗಂಡ, ತಮ್ಮ ಜನ್ಮದಲ್ಲಿ ಒಂದೇ ಒಂದು ವಸ್ತುವನ್ನೂ ಹಾಳು ಮಾಡಿದವರಲ್ಲ. ಬಿಚ್ಚಿದ್ದಾರೆ, ಅಷ್ಟೆ! ಬಿಚ್ಚಿದ ಮೇಲೆ ಅದು ಮತ್ತೆ ನಡೆಯದಿದ್ದರೆ ಅದು ಆ ವಸ್ತುವಿನ ಹಟವೇ ಹೊರತು ಭಾವನ ತಪ್ಪಲ್ಲ. ಗೋಡೆ ಗಡಿಯಾರ, ಮಿಕ್ಸಿ, ನೀರಿನ ಪಂಪು, ನನ್ನ ಮದುವೆಗೆ ಉಡುಗೊರೆ ಬಂದ ಟೇಪ್ ರೆಕಾರ್ಡರ್, ಎಲ್ಲವೂ ಅವರ ಸ್ಕ್ರೂಡ್ರೈವರಿನ ಮುಂದೆ ಹೊಟ್ಟೆ ತೆರೆದು ಮಲಗಿದವುಗಳೇ. ವೃತ್ತಿಯಿಂದ ಅವರು ಕಾರ್ಕಳದ ಕಡೆಯ ಹೈಸ್ಕೂಲೊಂದರಲ್ಲಿ ಹಿಂದಿ ಮಾಸ್ಟ್ರು. ಹಿಂದಿಗೂ ಯಂತ್ರಕ್ಕೂ ಎಂತ ಸಂಬಂಧ ಎಂದು ಕೇಳುತ್ತೀರಾ? ಕೈಕೊಟ್ಟ ಯಂತ್ರವನ್ನು ಅವರು ಬೈಯುವುದು ಹಿಂದಿಯಲ್ಲಿ. ತುಳುವಿನಲ್ಲಿ ಬೈದರೆ ನೆರೆಮನೆಯವರು ತಮಗೇ ಬೈದದ್ದೆಂದು ಮುನಿಸಿಕೊಳ್ಳುತ್ತಾರಂತೆ!

ಅವರ ಮನೆ ಬಜಗೋಳಿ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಕೆಂಪು ಮುರಕಲ್ಲಿನ ಗುಡ್ಡದ ನೆತ್ತಿಯಲ್ಲಿದೆ. ರಸ್ತೆಯಿಂದ ಅಂಗಳದವರೆಗೆ ಕಡಿದಾದ ಏರು. ಆಟೋದವರು ಏರಿನ ಬುಡದಲ್ಲೇ ಇಳಿಸಿಬಿಡುತ್ತಾರೆ. ಕಾರಿನವರು ಒಮ್ಮೆ ಮೇಲೆ ನೋಡಿ ಗಾಡಿ ತಿರುಗಿಸುತ್ತಾರೆ. ಅದನ್ನು ಹತ್ತುವುದು ಭಾವನ ಜೀಪು ಮಾತ್ರ. ನಾಲ್ಕೂ ಚಕ್ರ ಒಟ್ಟಿಗೆ ಎಳೆಯುವ, ಸರಕಾರಿ ಹರಾಜಿನಲ್ಲಿ ಹಿಡಿದು ತಂದ, ವಯಸ್ಸಿನಲ್ಲಿ ನನಗಿಂತ ಹಿರಿಯ ಜೀಪು. ಒಮ್ಮೆ ಅದರಲ್ಲಿ ಕೂತು ಬಂದರೆ ಸಾಕು, ಮೈಯಲ್ಲಿ ಎಲುಬುಗಳು ಎಲ್ಲೆಲ್ಲಿವೆ ಎಂದು ಪುಸ್ತಕ ನೋಡದೆಯೇ ತಿಳಿಯುತ್ತದೆ.

ಮೊಬೈಲು ಇನ್ನೂ ಎಲ್ಲರ ಕಿಸೆಗೆ ಬಾರದ ಕಾಲವದು. ಆ ವರ್ಷ ಬೇಸಗೆ ರಜೆ ಶುರುವಾಗುವ ಹೊತ್ತಿಗೆ ಅಕ್ಕ ಬಾವಿಕಟ್ಟೆಯಲ್ಲಿ ಜಾರಿ ಬಿದ್ದಳು. ಬೆನ್ನಿನ ಕೆಳಗೆ ಬಲವಾದ ಪೆಟ್ಟು. ಮಣಿಪಾಲದಲ್ಲಿ ಆಪರೇಷನ್ ಆಯಿತು. ನೋವಿಗೆ ಅವಳಿಗೆ ಕಣ್ಣು ಹತ್ತುತ್ತಿರಲಿಲ್ಲ. ಮನೆಗೆ ಹೋಗಿ ತನ್ನ ಮಂಚದಲ್ಲಿ ಮಲಗಿದರೆ ಮಾತ್ರ ನಿದ್ದೆ ಬರುತ್ತದೆ ಎಂದು ಒಂದೇ ಹಟ. ನಾನಿದ್ದದ್ದು ಉಡುಪಿಯ ಬನ್ನಂಜೆಯಲ್ಲಿ, ಆಸ್ಪತ್ರೆಗೆ ಹತ್ತಿರ. ನಮ್ಮಲ್ಲಿಗೇ ಬಾ ಎಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಡಾಕ್ಟರೋ, ಏರಿನಲ್ಲಿ ನಡೆಸಬಾರದು, ಮೈ ಕುಲುಕಬಾರದು ಎಂದು ಖಡಾಖಂಡಿತ ಹೇಳಿಬಿಟ್ಟಿದ್ದರು. ಹಾಗಾದರೆ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತುಕೊಂಡು ಹತ್ತಿದರಾಯಿತು ಎಂದು ನಾನು ಸಲಹೆ ಕೊಟ್ಟೆ.

"ನಾಲ್ಕು ಜನ ಹೊತ್ತುಕೊಂಡು ಹೋಗುವುದು ಒಂದೇ ಸಲ," ಎಂದಳು ಅಕ್ಕ. "ಅದಕ್ಕೆ ಇನ್ನೂ ಸಮಯ ಉಂಟು."

"ನೀನು ಜೀಪಿನಲ್ಲೇ ಬರುವುದು," ಎಂದರು ಭಾವ. "ಕುಲುಕದ ಹಾಗೆ ನಾನು ಮಾಡ್ತೇನೆ."

ಮಾತು ಕೊಟ್ಟದ್ದೇನೋ ಸರಿ, ಜೀಪು ಒಪ್ಪಬೇಕಲ್ಲ! ಅದರ ಕ್ಲಚ್ ಸವೆದು, ಅರ್ಧ ಏರಿನಲ್ಲಿ ಇಂಜಿನ್ ಬೊಬ್ಬೆ ಹೊಡೆಯುತ್ತಿತ್ತು, ಚಕ್ರ ಮಾತ್ರ ನಿಂತಲ್ಲೇ ನಿಲ್ಲುತ್ತಿತ್ತು. ಇಂಜಿನ್ ಕೂರುವ ರಬ್ಬರುಗಳು ಹರಿದುಹೋಗಿ ಇಡೀ ಗಾಡಿ ಗಡಗಡ ನಡುಗುತ್ತಿತ್ತು. ಗ್ಯಾರೇಜಿಗೆ ಬಿಡೋಣವೆಂದರೆ ಕಾರ್ಕಳದಲ್ಲಿ ಭಾವ ಜಗಳವಾಡದ ಗ್ಯಾರೇಜು ಉಳಿದಿರಲಿಲ್ಲ. ಅವರಲ್ಲೊಬ್ಬ, ಇಂಜಿನ್ ತೆಗೆಯುವುದೇ ಬೇಡ, ಅಡಿಗೆ ಮಲಗಿ ಗೇರ್‌ಬಾಕ್ಸ್ ಇಳಿಸಿದರೆ ಕ್ಲಚ್ ಬದಲಿಸಬಹುದು ಎಂದು ಹಳೆಯ ಜಗಳ ಮರೆತು ಹೇಳಿಕಳಿಸಿದ್ದ. ಹಿಂಬಾಗಿಲಿನಿಂದ ಹೋಗುವ ಅಭ್ಯಾಸ ತಮಗಿಲ್ಲ ಎಂದು ಭಾವ ಉತ್ತರ ಕಳಿಸಿದರು. ಅಲ್ಲಿಗೆ ಆ ಜಗಳ ಮತ್ತೆ ಹೊಸದಾಯಿತು.

ಮರುದಿನ ನಾನು ಅಕ್ಕನ ಸೀರೆ ಒಯ್ಯಲು ಹೋದಾಗ ಅಂಗಳದಲ್ಲಿ ಜೀಪಿನ ಬಾನೆಟ್ ಕಳಚಿ ಅದರ ಮೇಲೆ ಹಪ್ಪಳ ಒಣಗಲು ಹಾಕಿದ್ದರು! ಜಾಗ ದಂಡವಾಗಬಾರದಲ್ಲ. ರೇಡಿಯೇಟರ್ ತುಳಸಿಕಟ್ಟೆಗೆ ಒರಗಿತ್ತು. ಕೆಳಗಿನ ಮನೆಯ ಬ್ಯಾರಿಯವರು ಮರದ ವ್ಯಾಪಾರಿಗಳು. ದಿಮ್ಮಿ ಎತ್ತುವ ಅವರ ಚೈನ್ ಬ್ಲಾಕನ್ನು ಹಲಸಿನ ಮರದ ದಪ್ಪ ಕೊಂಬೆಗೆ ಕಟ್ಟಿಯಾಗಿತ್ತು. ಭಾವ ಕೆಳಗೆ ನಿಂತು ಸರಪಳಿ ಎಳೆದರು. ಇಂಜಿನ್ ಒಮ್ಮೆ ನರಳಿತು, ಗೇರ್‌ಬಾಕ್ಸಿನಿಂದ ಬಿಡಿಸಿಕೊಂಡು ಮುಂದೆ ಜರಗಿತು, ಆಮೇಲೆ ನಿಧಾನವಾಗಿ ಮೇಲೆದ್ದಿತು. ಸುತ್ತಲೂ ಬಲಿತ ಹಲಸಿನ ಹಣ್ಣುಗಳು, ನಡುವೆ ಎಣ್ಣೆ ತೊಟ್ಟಿಕ್ಕುವ ಕಪ್ಪು ಇಂಜಿನ್. ಬ್ಯಾರಿಯವರು ಗಡ್ಡ ಸವರಿಕೊಂಡು ಬಹಳ ಹೊತ್ತು ನೋಡಿದರು.

"ಮಾಸ್ಟ್ರೇ, ಈ ಸಲದ ಫಸಲು ಬೇರೆ ನಮೂನೆ ಉಂಟಲ್ಲ," ಎಂದರು.

ಭಾವ ನಗಲಿಲ್ಲ. ಇಂಜಿನ್ ಹೊರಗೆ ಬಂದ ಸಂತೋಷದಲ್ಲಿ ಅವರಿಗೆ ತಮಾಷೆ ಕೇಳಿಸಲೇ ಇಲ್ಲ. ಅರ್ಧ ಕೆಲಸ ಮುಗಿಯಿತೆಂದು ಅಕ್ಕನಿಗೆ ಹೇಳು ಎಂದು ನನ್ನನ್ನು ಕಳಿಸಿದರು. ಭಾವನ ಕೆಲಸಗಳಲ್ಲಿ ಮೊದಲ ಅರ್ಧ ಯಾವತ್ತೂ ಚೆನ್ನಾಗಿಯೇ ಮುಗಿಯುತ್ತದೆ ಎಂದು ಅಕ್ಕ ಮಲಗಿದಲ್ಲಿಂದಲೇ ಹೇಳಿದಳು.

ಇನ್ನು ಬೋಲ್ಟುಗಳ ಕಥೆ. ಬಿಚ್ಚಿದ ಬೋಲ್ಟುಗಳನ್ನು ಬೇರೆ ಬೇರೆ ಇಡಬೇಕು, ಇಲ್ಲವಾದರೆ ಯಾವುದು ಎಲ್ಲಿಯದೆಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ಅಡುಗೆಮನೆಯ ಲೋಟ, ಡಬ್ಬಿ ಮುಟ್ಟಬಾರದೆಂದು ಅಕ್ಕನ ಕಟ್ಟಪ್ಪಣೆ. ಭಾವ ಸೋಲುವವರೇ? ನಾವು ಕಡುಬು ಬೇಯಿಸಲು ಹಲಸಿನ ಎಲೆಗಳನ್ನು ಕಡ್ಡಿ ಚುಚ್ಚಿ ಕೊಟ್ಟೆ ಕಟ್ಟುತ್ತೇವಲ್ಲ, ಹಾಗೆ ಸಾಲಾಗಿ ಕೊಟ್ಟೆ ಕಟ್ಟಿ ಒಂದೊಂದರಲ್ಲಿ ಒಂದೊಂದು ಜಾಗದ ಬೋಲ್ಟು ತುಂಬಿಸಿ ಜಗಲಿಯಲ್ಲಿ ಇಟ್ಟರು. ಎಲೆಯ ಮೇಲೆ ಪೆನ್ನಿನಲ್ಲಿ 'ದಾಯಾ', 'ಬಾಯಾ' ಎಂದು ಹಿಂದಿಯಲ್ಲಿ ಬಲ, ಎಡದ ಗುರುತು ಬೇರೆ. ನೋಡಲು ಎಷ್ಟು ಚಂದವಿತ್ತೆಂದರೆ ನನಗೇ ಒಂದು ಕ್ಷಣ ಹಸಿವಾಯಿತು.

ಹಸಿವಾದದ್ದು ನನಗೊಬ್ಬಳಿಗೇ ಅಲ್ಲ! ಭಾವ ಹೊಸ ಕ್ಲಚ್ ಪ್ಲೇಟು ಮತ್ತು ರಬ್ಬರು ತರಲು ಪೇಟೆಗೆ ಹೋಗಿದ್ದಾಗ ಮನೆಯ ದನ ಹಗ್ಗ ಬಿಡಿಸಿಕೊಂಡಿತು. ಹಲಸಿನ ಎಲೆ ಕಂಡರೆ ಬಿಡುವ ದನ ಭೂಮಿಯ ಮೇಲೆ ಉಂಟೇ? ಅವರು ಮರಳಿ ಬರುವಷ್ಟರಲ್ಲಿ ದಾಯಾ ಬಾಯಾ ಎಲ್ಲವೂ ಅದರ ಹೊಟ್ಟೆ ಸೇರಿದ್ದವು, ಬೋಲ್ಟುಗಳು ಮಾತ್ರ ಜಗಲಿಯಿಂದ ಅಂಗಳದವರೆಗೆ ಚೆಲ್ಲಿದ್ದವು. ಎಲ್ಲವನ್ನೂ ಹೆಕ್ಕಿ ಜೋಡಿಸಿ ನೋಡಿದರೆ ಒಂದು ಉದ್ದದ ಬೋಲ್ಟು ಇಲ್ಲ. ದನ ನುಂಗಿತೇ? ಭಾವ ಅದರ ಹೊಟ್ಟೆಗೆ ಕಿವಿಯಿಟ್ಟು ಕೇಳಿದರು. ಸಂಜೆಯವರೆಗೆ ಒಂದು ಕೋಲು ಹಿಡಿದು ಅದರ ಹಿಂದೆಯೇ ನಡೆದರು. ಯಾಕೆಂದು ನಾನು ವಿವರಿಸುವುದಿಲ್ಲ. ಕೊನೆಗೆ, ಕಳೆದುಹೋದದ್ದು ಸಿಗಲೆಂದು ನಮ್ಮವರೆಲ್ಲ ಮಾಡುವಂತೆ ಕೊರಗಜ್ಜ ದೈವಕ್ಕೆ ಚಕ್ಕುಲಿ, ವೀಳ್ಯದ ಹರಕೆ ಹೇಳಿಕೊಂಡರು. ಮರುದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವರ ಅಂಗಿ ಠಣ್ ಎಂದಿತು. ಬೋಲ್ಟು ಕಿಸೆಯಲ್ಲೇ ಇತ್ತು!

ನಿಮ್ಮ ಕಿಸೆಯಲ್ಲೇ ಇತ್ತಲ್ಲ, ಹರಕೆ ಯಾಕೆ ಎಂದು ನಾನು ಚುಡಾಯಿಸಿದೆ. ಕಿಸೆಯಲ್ಲಿ ಹಾಕಿದ್ದು ಅಜ್ಜನೇ ಎಂದು ಹೇಳಿ ಚಕ್ಕುಲಿ ತರಲು ಹೊರಟೇಬಿಟ್ಟರು.

ಇಷ್ಟರಲ್ಲಿ ಆಸ್ಪತ್ರೆಯವರು ಅಕ್ಕನನ್ನು ನಾಡಿದ್ದು ಬಿಡುತ್ತೇವೆ ಎಂದರು. ಇಂಜಿನ್ ಇನ್ನೂ ಮರದಲ್ಲೇ ತೂಗುತ್ತಿತ್ತು. ಹೊಸ ಪ್ಲೇಟು ಸರಿಯಾಗಿ ನಡುವಿಗೆ ಕೂರದಿದ್ದರೆ ಗೇರ್‌ಬಾಕ್ಸಿನ ದಂಡ ಅದರ ತೂತಿಗೆ ಹೋಗುವುದಿಲ್ಲವಂತೆ. ಅದಕ್ಕೆಂದೇ ಒಂದು ಸಾಧನ ಸಿಗುತ್ತದೆ. ಭಾವನ ಬಳಿ ಇರಲಿಲ್ಲ. ಅವರು ಅಕ್ಕನ ಲಟ್ಟಣಿಗೆಯನ್ನು ತೆಗೆದುಕೊಂಡು ಒಂದು ತುದಿಯನ್ನು ಹದವಾಗಿ ಕೆತ್ತಿ ಒಳಗೆ ತೂರಿಸಿದರು. ಹೇಳಿ ಮಾಡಿಸಿದ ಹಾಗೆ ಕೂತಿತು! ಪ್ಲೇಟು ಬಿಗಿದು ಲಟ್ಟಣಿಗೆ ಹೊರಗೆಳೆದ ಮೇಲೆ ಇಂಜಿನ್ನನ್ನು ಕೆಳಗಿಳಿಸಿ, ಬ್ಯಾರಿಯವರು ಒಂದು ಕಡೆ, ಭಾವ ಇನ್ನೊಂದು ಕಡೆ ಹಿಡಿದು ನೂಕಿದರು. ಅದು ಒಳಗೆ ಹೋಗಲು ಒಲ್ಲೆನೆಂದಿತು. ಹಿಂದಿಯಲ್ಲಿ ಎಷ್ಟು ಬಗೆಯ ಬೈಗುಳಗಳಿವೆ ಎಂದು ಆ ಮಧ್ಯಾಹ್ನ ನನಗೆ ತಿಳಿಯಿತು. ಕಡೆಗೆ ಬೈಗುಳಗಳೆಲ್ಲ ಮುಗಿದವು. ಭಾವ ಇಂಜಿನ್ನಿನ ಮೇಲೆ ಕೈಯಿಟ್ಟು ತುಳುವಿನಲ್ಲಿ, ಅವಳು ನಿದ್ದೆ ಮಾಡದೆ ಬಹಳ ದಿನವಾಯಿತು ಎಂದು ಮೆಲ್ಲಗೆ ಹೇಳಿದರು. ನಾನು ಆ ಕಡೆ ಮುಖ ತಿರುಗಿಸಿದೆ. ಇನ್ನೊಮ್ಮೆ ಅಲುಗಿಸಿ ನೂಕಿದಾಗ ಅದು ಸರಕ್ಕನೆ ಒಳಗೆ ಹೋಯಿತು. ತುಳುವಿನಿಂದ ಹೋಯಿತು ಎಂದು ನಾನು ಹೇಳುವುದಿಲ್ಲ. ಬ್ಯಾರಿಯವರು ಇಂದಿಗೂ ಹಾಗೆಯೇ ಹೇಳುತ್ತಾರೆ.

ಅಕ್ಕನನ್ನು ಕರೆತರುವ ದಿನ ಜೀಪಿನ ಮುಂದಿನ ಸೀಟಿಗೆ ಮನೆಯ ಅರ್ಧ ಹಾಸಿಗೆಗಳು ಏರಿದ್ದವು. ನಾನು ಹಿಂದೆ ಕೂತೆ. ಮಣಿಪಾಲದಿಂದ ಹೊರಟ ಜೀಪನ್ನು ಹಾಲಿನ ಕ್ಯಾನು ಕಟ್ಟಿದ ಸೈಕಲ್ಲುಗಳೂ ಹಿಂದೆ ಹಾಕಿದವು. ಬಸ್ಸಿನವರು ಹಾರ್ನು ಹೊಡೆದು ಹೊಡೆದು ಸೋತರು. ಭಾವ ರಸ್ತೆಯ ಒಂದೊಂದು ಹೊಂಡವನ್ನೂ ದೂರದಿಂದಲೇ ಕಂಡು ಬಳಸಿಕೊಂಡು ಹೋಗುತ್ತಿದ್ದರು. ಮೊದಲು ಅಕ್ಕ ಎರಡೂ ಕೈಯಲ್ಲಿ ಕಂಬಿಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಏರಿನ ಬಗ್ಗೆ ಅವಳಿಗೆ ಹೆದರಿಕೆ. ಬಂದಾಗ ಹೇಳಿ, ಹಲ್ಲು ಕಚ್ಚಿ ಕೂರುತ್ತೇನೆ ಎಂದು ಮೊದಲೇ ತಿಳಿಸಿದ್ದಳು. ಕಾರ್ಕಳ ದಾಟುವಾಗ ನೋಡಿದರೆ ಅವಳ ಕೈ ಮಡಿಲಿಗೆ ಜಾರಿತ್ತು.

ಏರಿನ ಬುಡದಲ್ಲಿ ಭಾವ ನಿಲ್ಲಿಸಿದರು. ಎಬ್ಬಿಸಲೇ ಎಂದು ನಾನು ಸನ್ನೆಯಲ್ಲಿ ಕೇಳಿದೆ. ಬೇಡ ಎಂದು ತಲೆಯಾಡಿಸಿದರು. ನಾಲ್ಕೂ ಚಕ್ರದ ಲಿವರ್ ಹಾಕಿ, ಇರುವೆ ಹತ್ತುವಷ್ಟು ನಿಧಾನವಾಗಿ ಹತ್ತಿಸಿದರು. ಕ್ಲಚ್ ಜಾರಲಿಲ್ಲ. ಇಂಜಿನ್ ಬೊಬ್ಬೆ ಹೊಡೆಯಲಿಲ್ಲ. ನಾನು ಹಿಂದಿನಿಂದ ಅಕ್ಕನ ಹೆಗಲು ಹಿಡಿದುಕೊಂಡಿದ್ದೆ.

ಅಂಗಳಕ್ಕೆ ಬಂದ ಮೇಲೂ ಭಾವ ಇಂಜಿನ್ ನಿಲ್ಲಿಸಲಿಲ್ಲ. ಮಾತಾಡಿಸಲು ಬಂದ ಬ್ಯಾರಿಯವರನ್ನು ಕೈಯಲ್ಲೇ ತಡೆದರು.

"ನಿಲ್ಲಿಸಿದರೆ ಎಚ್ಚರ ಆಗ್ತದೆ," ಎಂದು ಪಿಸುಗುಟ್ಟಿದರು.

ಹಾಗೆಯೇ ಕೂತೆವು. ಬಿಸಿಲು ಜಗಲಿ ದಾಟಿ ಒಳಗೆ ಹೋಯಿತು. ಜೀಪು ತನ್ನಷ್ಟಕ್ಕೆ ಗುರುಗುಟ್ಟುತ್ತಿತ್ತು. ತುಂಬ ಹೊತ್ತಿನ ಮೇಲೆ ಅಕ್ಕ ಕಣ್ಣು ತೆರೆಯುವ ಮೊದಲೇ ಕಂಬಿಗಾಗಿ ಕೈ ತಡಕಾಡಿದಳು.

"ಏರು ಬಂತಾ?" ಎಂದು ಕೇಳಿದಳು.

ಉತ್ತರ ಕೊಡಬೇಕಾದವರು ಭಾವ. ಅವರೋ, ಎಣ್ಣೆಯ ಕಪ್ಪು ಹೋಗದ ಬೆರಳುಗಳಿಂದ ಕಣ್ಣೊರಸಿಕೊಳ್ಳುತ್ತಿದ್ದರು.

"ಮನೆ ಬಂತಕ್ಕ," ಎಂದು ನಾನೇ ಹೇಳಿದೆ.