ಕಾಕಾನ ಎರಡನೆಯ ಮೂಗು

ನಮ್ಮ ಕಾಕಾನಿಗೆ ಎರಡು ಮೂಗು. ಒಂದು ಎಲ್ಲರಿಗಿರುವಂತೆ ಮುಖದ ಮೇಲೆ. ಇನ್ನೊಂದು ಅವನ ಹಳೇ ಪೆಟ್ರೋಲ್ ಜೀಪಿನ ಸೈಲೆನ್ಸರ್ ಪೈಪಿನಲ್ಲಿ. ನಂಬುತ್ತಿದ್ದದ್ದು ಎರಡನೆಯದನ್ನು ಮಾತ್ರ!

ಆ ಮೂಗಿನ ಹೆಸರು ಆಕ್ಸಿಜನ್ ಸೆನ್ಸರ್. ಹೊಸ ಕಾರುಗಳಿಗೆ ಹುಟ್ಟಿನಿಂದಲೇ ಇರುತ್ತದೆ. ಕಾರ್ಬೊರೇಟರ್ ಕಾಲದ ಜೀಪಿಗೆ ಕೂರಿಸುವುದೆಂದರೆ ಅಜ್ಜನ ಕಿವಿಗೆ ಬ್ಲೂಟೂತ್ ಸಿಕ್ಕಿಸಿದಂತೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಮೂಸಿ, ಎಂಜಿನ್ನಿಗೆ ಗಾಳಿ ಎಷ್ಟು ಪಾಲು ಹೋಗುತ್ತಿದೆ ಎಂದು ಅದು ಸ್ಟೇರಿಂಗ್ ಪಕ್ಕದ ಮೀಟರಿಗೆ ಚಾಡಿ ಹೇಳುತ್ತದೆ. ಒಂದು ಪಾಲು ಪೆಟ್ರೋಲಿಗೆ ಹದಿನಾಲ್ಕು ಪಾಯಿಂಟ್ ಏಳು ಪಾಲು ಗಾಳಿ: ಕಾಕಾನ ಮಂತ್ರ ಇದು. ನಮ್ಮೂರು ನರೋಣಾದ ಮನೆಯಲ್ಲಿ ಗ್ಯಾಸ್ ಒಲೆ ಹಳದಿಯಾಗಿ ಉರಿದರೂ ಸ್ಕ್ರೂಡ್ರೈವರ್ ಹಿಡಿದು ಬರುತ್ತಿದ್ದ. ಕೆಮ್ಮುತ್ತಾ ಬಂದ ಬೀಗರಿಗೆ "ನಿಮಗ ಗಾಳಿ ಕಮ್ಮಿ ಬೀಳಾಕತ್ತದ್ರಿ" ಎಂದ. ಬೀಗರು ಆಮೇಲೆ ಬಹಳ ದಿನ ಬರಲಿಲ್ಲ.

ಇಷ್ಟೆಲ್ಲ ಯಾಕೆ? ಅವನ ಹೆಂಡತಿ, ನಮ್ಮ ಕಾಕು, ಆ ಜೀಪು ಹತ್ತುತ್ತಿರಲಿಲ್ಲ. ಪೆಟ್ರೋಲ್ ವಾಸನೆಗೆ ಅವಳಿಗೆ ತಲೆಸುತ್ತು, ವಾಂತಿ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ತವರು ಅಂದೋಲಾಕ್ಕೆ ಹೋಗಬೇಕು. ಕಾಕಾನಿಗಿದ್ದ ಆಸೆ ಇದೊಂದೇ. ಆದರೆ ಕಾಕು ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಕಾಕಾನೂ ಹೋಗುತ್ತಿದ್ದ, ಬಸ್ಸಿನ ಹಿಂದೆಯೇ, ಖಾಲಿ ಜೀಪಿನಲ್ಲಿ!

"ಅಕ್ಕಾರ, ಆ ಜೀಪು ಕಲಬುರಗಿಯಿಂದ ಬೆನ್ನು ಬಿಡವಲ್ದು. ಯಾರದ್ರಿ ಅದು?" ಎಂದು ಕಂಡಕ್ಟರ್ ಕೇಳಿದ್ದನಂತೆ.

"ನಮ್ಮ ಮನಿಯವರದು."

"ಜಗಳಾಡಿ ಹೊಂಟೀರೇನು?"

"ಇಲ್ಲಪಾ. ಅವರು ಚಲೋ ಮನಷ್ಯಾ. ಗಾಡಿ ನಾರ್ತದ."

ಆ ನಾತ ಬಿಡಿಸಲು ಕಾಕಾ ಮೀಟರ್ ನೋಡಿದ: ಹದಿನೇಳು. ಗಾಳಿ ಹೆಚ್ಚಾಗಿದೆ ಎಂದರ್ಥ. ಪೆಟ್ರೋಲ್ ಹೆಚ್ಚಿಸಲು ಕಾರ್ಬೊರೇಟರಿಗೆ ದೊಡ್ಡ ತೂತಿನ ಜೆಟ್ ಹಾಕಿದ. ಜೀಪು ಇನ್ನಷ್ಟು ನಾರಿತು. ಮತ್ತೂ ದೊಡ್ಡದು ಹಾಕಿದ.

"ರೀ, ಅಂಗಳ ಪೂರಾ ಪೆಟ್ರೋಲ್ ನಾರಾಕತ್ತದ."

"ನಾರಾಕ ಸಾಧ್ಯನೇ ಇಲ್ಲ ಬೇ. ಮೀಟರ್ ಏನಂತದ ನೋಡು."

"ನಿಮ್ಮ ಮೀಟರಿಗೆ ನೆಗಡಿ ಆಗೇದ."

ನೆಗಡಿ ಪತ್ತೆಯಾದದ್ದು ಹೇಗೆ ಎಂಬುದಕ್ಕೆ ನಮ್ಮಲ್ಲಿ ಮೂರು ಪಾಠಗಳಿವೆ. ರೊಟ್ಟಿ ಬಡಿಯುತ್ತಿದ್ದ ಕಾಕು ಜೋಳದ ಹಿಟ್ಟಿನ ಕೈಯಲ್ಲೇ ಊಟಕ್ಕೆ ಕರೆಯಲು ಬಂದಳು, ಗುರುಗುಡುತ್ತಿದ್ದ ಜೀಪಿನ ಪೈಪಿನ ಹತ್ತಿರ ಬಗ್ಗಿದಾಗ ಪೈಪಿನ ನಡುವಿನಿಂದ ಬಂದ ಗಾಳಿಗೆ ಹಿಟ್ಟು ಪುಸ್ ಎಂದು ಹಾರಿತು: ಇದು ಅವಳ ಪಾಠ. ಹಿಟ್ಟನ್ನು ತಾನೇ ತರಿಸಿದ್ದೆ ಎಂಬುದು ಕಾಕಾನ ಪಾಠ. ನನ್ನ ನೆನಪಿನಲ್ಲಿ ಹಾರಿದ್ದು ವಿಭೂತಿ. ಅದು ಕೇಳಲು ಹೆಚ್ಚು ಚಂದ. ಆದ್ದರಿಂದಲೇ ನಾನದನ್ನು ನಂಬುವುದಿಲ್ಲ. ಹಾರಿದ್ದು ಏನೇ ಇರಲಿ, ಬಿರುಕು ಮಾತ್ರ ಖರೆ. ಸೆನ್ಸರಿಗಿಂತ ಮುಂಚಿನ ಪೈಪಿನ ಕೀಲು ಸೀಳಿತ್ತು. ಹೊಗೆ ಪುಸ್ ಎಂದು ಹೊರಬಿದ್ದ ಮರುಕ್ಷಣ ಅಲ್ಲಿಂದಲೇ ನರೋಣಾದ ಬಯಲ ಗಾಳಿ ನುಗ್ಗಿ ಹೊಗೆಯಲ್ಲಿ ಬೆರೆಯುತ್ತಿತ್ತು. ಪಾಪ, ಸೆನ್ಸರ್ ಊರ ಗಾಳಿಯನ್ನೆಲ್ಲ ಎಂಜಿನ್ನಿನ ಲೆಕ್ಕಕ್ಕೆ ಬರೆಯುತ್ತಿತ್ತು!

ಬೆಸುಗೆ ಹಾಕಿಸಿದ ಕೂಡಲೇ ಮೀಟರ್ ನಿಜ ಒಪ್ಪಿಕೊಂಡಿತು: ಹತ್ತು! ಎಂಜಿನ್ನು ಪೆಟ್ರೋಲಿನಲ್ಲಿ ಈಜುತ್ತಿತ್ತು. ಕಾಕಾ ಹಳೆಯ ಸಣ್ಣ ಜೆಟ್ ಹಾಕಿ, ಸ್ಕ್ರೂ ಕೂದಲೆಳೆಯಷ್ಟು ತಿರುವುತ್ತಾ, ಪ್ರತಿ ತಿರುವಿಗೂ ಮೂಸಿ ನೋಡಲು ಕಾಕುವನ್ನು ಕರೆದ.

"ಈಗ?"

"ಜರಾ ಬರ್ತದ."

"ಈಗ?"

"ಇನ್ನೊಂದೀಟು."

"ಈಗ ನೋಡು ಬೇ."

ಕಾಕು ಉದ್ದಕ್ಕೆ ಉಸಿರೆಳೆದುಕೊಂಡಳು. "ಈಗ ಬರೋಬ್ಬರಿ."

ಮೀಟರ್ ಹದಿನಾಲ್ಕು ಪಾಯಿಂಟ್ ಏಳರಲ್ಲಿ ನಿಂತಿತ್ತು! ಅಂದೋಲಾಕ್ಕೆ ಹೊರಟ ದಿನ ಕಾಕಾ, ಕಾಕುವಿನ ಸೆರಗು ಸಿಕ್ಕೀತೆಂದು ಜೀಪಿನ ಬಾಗಿಲನ್ನು ತಾನೇ ಹಿಡಿದು ನಿಂತ ರೀತಿಗೆ, ಹಿಂದಿನ ಸೀಟಿನಲ್ಲಿದ್ದ ನಾನು ಎದ್ದು ನಿಲ್ಲಬೇಕೇನೋ ಎಂದುಕೊಂಡೆ.

ಕಾಕು ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಕೂತಳು. ಆಳಂದ ರಸ್ತೆ ಮುಗಿಯಿತು, ಕಲಬುರಗಿ ದಾಟಿತು. ಕಾಕಾ ಅಲ್ಲಿಯ ಸಿಗ್ನಲ್ಲುಗಳಲ್ಲಿ ಎಂಜಿನ್ ಬಂದ್ ಮಾಡಿ ಒಂದೊಂದು ಹನಿ ಉಳಿಸಿದ. ಜೇವರ್ಗಿ ಬಂತು. ಚೀಲ ಖಾಲಿಯೇ ಇತ್ತು. ಅಲ್ಲಿಂದಾಚೆ ಅವಳ ತಲೆ ಅವನತ್ತ ವಾಲಿತು. ಕಾಕಾ ಹೆದರಿ ತಿರುಗಿ ನೋಡಿದ. ಕಾಕು ಅವನ ಭುಜಕ್ಕೊರಗಿ ನಿದ್ದೆ ಹೋಗಿದ್ದಳು.

ಅಂದೋಲಾದ ಮನೆಯ ಮುಂದೆ ಜೀಪು ನಿಂತಿತು. ಎಂಜಿನ್ ನಿಲ್ಲಲಿಲ್ಲ. ಕಾಕುವಿನ ತಮ್ಮ ಓಡಿ ಬಂದ.

"ಬಂದ್ ಮಾಡ್ರಿ ಮಾಮಾ. ಸುಮ್ನ ಪೆಟ್ರೋಲ್ ಸುಡಾಕತ್ತದ."

"ಸುಡ್ಲಿ," ಎಂದ ಕಾಕಾ, ಭುಜ ಅಲುಗಿಸದೆ. "ಸಪ್ಪಳ ನಿಂತ್ರ ಎಚ್ಚರಾಗ್ತಾಳ."

ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಬಂದವರೆಲ್ಲ ಜೀಪಿನ ಸುತ್ತ ಸದ್ದಿಲ್ಲದೆ ನಿಂತರು.